ಕಾರ್ಯಪದ್ಧತಿಯ ವ್ಯಾಮೋಹ

ಕೈಗೊಂಡ ಕೆಲಸ ಕೈಗೂಡದೆ ಹೋದಾಗ ಅದರ ಕಾರಣವನ್ನು ಅರಸುವುದು ಮನುಷ್ಯನಿಗೆ ಸಹಜ. ಆದರೆ ಪ್ರತಿಯೊಂದು ಕಾಲವೂ ತನಗೆ ಒಗ್ಗುವ ಕಾರಣವೊಂದನ್ನು ಆರಿಸಿಕೊಂಡು ಉಳಿದವುಗಳಿಗೆ ಬೆನ್ನು ಹಾಕುತ್ತದೆ. ಒಂದು ಕಾಲದವರು ಗ್ರಹಗತಿಯನ್ನು ಹೇಳಿದರು, ಮತ್ತೊಂದು ಕಾಲದವರು ಆಲಸ್ಯವನ್ನು ಹೇಳಿದರು. ನಮ್ಮ ಕಾಲದವರು ಹೇಳುವುದು ಪದ್ಧತಿಯ ಅಭಾವವನ್ನು. ನಿನ್ನ ಕೆಲಸಗಳು ಉಳಿದುಹೋಗುವುದಕ್ಕೆ ಅವುಗಳನ್ನು ಬರೆದಿಡುವ, ವಿಂಗಡಿಸುವ, ಹೊತ್ತಿಗೆ ಸರಿಯಾಗಿ ಜ್ಞಾಪಿಸುವ ತಕ್ಕ ವ್ಯವಸ್ಥೆಯೊಂದು ನಿನ್ನಲ್ಲಿ ಇಲ್ಲದಿರುವುದೇ ಕಾರಣ. ಅಂಥ ವ್ಯವಸ್ಥೆಯೊಂದನ್ನು ಹಿಡಿ, ಅದು ಒಗ್ಗದಿದ್ದರೆ ಬಿಟ್ಟು ಇನ್ನೊಂದನ್ನು ಹಿಡಿ, ನಿನಗೆ ಹೊಂದುವುದು ಎಲ್ಲಿಯೋ ಒಂದು ಇದ್ದೇ ಇದೆ ಎಂಬ ಈ ಉಪದೇಶ ಈಗ ಬೆಂಗಳೂರಿನ ಕಚೇರಿಗಳ ಸೊತ್ತಾಗಿ ಮಾತ್ರ ಉಳಿದಿಲ್ಲ. ಬಂಟ್ವಾಳದ ಬ್ಯಾಂಕುಗಳಲ್ಲಿ, ಉಜಿರೆ ಮೂಡುಬಿದಿರೆಗಳ ಕಾಲೇಜುಗಳಲ್ಲಿ, ಬೆಳ್ತಂಗಡಿಯ ಅಡಿಕೆ ತೋಟಗಳ ನಡುವಣ ಮನೆಗಳಲ್ಲಿಯೂ ಅದು ಪ್ರಶ್ನೆಯೇ ಬೇಡದ ಸತ್ಯವೆಂಬಂತೆ ನೆಲೆಸಿದೆ. ಕಾರ್ಯಸಿದ್ಧಿಯಾಗದೆ ಕೊರಗುವ ಅಧ್ಯಾಪಕನಿಗೂ ಗುಮಾಸ್ತನಿಗೂ ವಿದ್ಯಾರ್ಥಿಗೂ ಸ್ನೇಹಿತರು ಮೊದಲು ಕೊಡುವ ಸಲಹೆ, ಮೊಬೈಲಿಗೆ ಇಂಥ ಒಂದು ಆ್ಯಪ್ ಹಾಕಿಕೊಂಡು ನೋಡಿ ಎಂಬುದು.

ಈ ಮತವು ತಪ್ಪೆಂದೂ, ತಪ್ಪಾಗಿರುವುದಲ್ಲದೆ ಅಪಾಯಕರವೆಂದೂ ನಾನು ನಂಬುತ್ತೇನೆ. ಕಾರ್ಯವು ನೆರವೇರುವುದು ಅದು ಯಾರಿಗೆ ಸಲ್ಲಬೇಕೋ ಅವರಿಗೂ ಯಾವ ಕಾಲದಲ್ಲಿ ಸಲ್ಲಬೇಕೋ ಆ ಕಾಲಕ್ಕೂ ಕಟ್ಟುಬಿದ್ದಿರುವುದರಿಂದಲೇ ಹೊರತು, ಒಂದು ಪಟ್ಟಿಯಲ್ಲಿ ಅಂದವಾಗಿ ದಾಖಲಾಗಿರುವುದರಿಂದಲ್ಲ. ಆ ಎರಡು ಕಟ್ಟುಗಳನ್ನು ಸಡಿಲಿಸುವ ಪದ್ಧತಿ ಎಷ್ಟೇ ಜಾಣ್ಮೆಯಿಂದ ರಚಿತವಾಗಿದ್ದರೂ ಕಾರ್ಯಕ್ಕೆ ಸಹಾಯ ಮಾಡುವುದಿಲ್ಲ, ಕಾರ್ಯದ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳುತ್ತದೆ. ಈ ಪದ್ಧತಿಗಳಲ್ಲಿ ಕೆಲವನ್ನು ಶ್ರದ್ಧೆಯಿಂದಲೇ ಆಚರಿಸಿ ನೋಡಿದವನಾದುದರಿಂದ, ಎದುರಾಳಿಯ ಪಕ್ಷವನ್ನು ಅದರ ಪೂರ್ಣ ಬಲದೊಡನೆ ಮೊದಲು ನಿರೂಪಿಸುವುದು ನ್ಯಾಯವೆಂದು ಭಾವಿಸುತ್ತೇನೆ.

ಪೂರ್ವಪಕ್ಷದ ವಂಶಾವಳಿ ಸಣ್ಣದಲ್ಲ. 1911ರಲ್ಲಿ ಫ್ರೆಡರಿಕ್ ಟೇಲರ್ ಎಂಬ ಅಮೆರಿಕದ ಇಂಜಿನಿಯರು ಕಾರ್ಖಾನೆಯ ಕೆಲಸವನ್ನು ಅಳೆದು ತೂಗಿ ವಿಭಜಿಸುವ ತನ್ನ ಶಾಸ್ತ್ರವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಬೇರೊಬ್ಬರ ಶ್ರಮವನ್ನು ಅಳೆಯಲು ಹುಟ್ಟಿದ ಆ ದೃಷ್ಟಿ ಶತಮಾನ ಕಳೆಯುವುದರೊಳಗೆ ತನ್ನನ್ನು ತಾನೇ ಅಳೆದುಕೊಳ್ಳುವ ದೃಷ್ಟಿಯಾಗಿ ತಿರುಗಿತು. 1989ರಲ್ಲಿ ಸ್ಟೀಫನ್ ಕವಿ ತುರ್ತಾದುದನ್ನೂ ಮುಖ್ಯವಾದುದನ್ನೂ ಬೇರ್ಪಡಿಸುವ ನಾಲ್ಕು ಮನೆಗಳ ಚೌಕವನ್ನು ಜನಪ್ರಿಯಗೊಳಿಸಿದನು. ಇಟಲಿಯ ಫ್ರಾನ್ಸೆಸ್ಕೊ ಚಿರಿಲೊ ಅಡುಗೆಮನೆಯ ಗಡಿಯಾರವೊಂದನ್ನು ಇಟ್ಟುಕೊಂಡು ಇಪ್ಪತ್ತೈದು ನಿಮಿಷಗಳ ಏಕಾಗ್ರತೆಯ ಕ್ರಮವನ್ನು ಕಲ್ಪಿಸಿದನು. 2001ರಲ್ಲಿ ಡೇವಿಡ್ ಅಲೆನ್ ತಲೆಯಲ್ಲಿರುವ ಸಮಸ್ತ ಕೆಲಸಗಳನ್ನೂ ಹೊರಕ್ಕೆ ಸುರಿದು ಬರೆದು, ಪ್ರತಿಯೊಂದಕ್ಕೂ ಮುಂದಿನ ಹೆಜ್ಜೆಯೇನೆಂದು ನಿರ್ಧರಿಸಿ, ವಾರಕ್ಕೊಮ್ಮೆ ಎಲ್ಲವನ್ನೂ ಪರಿಶೀಲಿಸಬೇಕೆಂಬ ಸಮಗ್ರ ವಿಧಾನವನ್ನು ಲೋಕದ ಮುಂದಿಟ್ಟನು. ಆಮೇಲೆ ರೈಡರ್ ಕ್ಯಾರಲ್ ನೋಟುಬುಕ್ಕಿನಲ್ಲಿ ಚುಕ್ಕೆಗಳನ್ನಿಟ್ಟು ದಿನಚರಿ ಬರೆಯುವ ಕ್ರಮವನ್ನು ತಂದನು. ಟ್ರೆಲೊ, ಟುಡೂಯಿಸ್ಟ್, ನೋಶನ್ ಮೊದಲಾದ ಆ್ಯಪ್‌ಗಳು ಇವೆಲ್ಲವನ್ನೂ ಅಂಗೈಗೆ ಇಳಿಸಿದವು. ಇವರಲ್ಲಿ ಯಾರನ್ನೂ ವಂಚಕರೆಂದು ನಾನು ಹೇಳಲಾರೆ. ಒಬ್ಬೊಬ್ಬರೂ ನಿಜವಾದ ಒಂದು ಕಷ್ಟವನ್ನು ಕಂಡು ಅದಕ್ಕೆ ಉಪಾಯ ಹುಡುಕಿದವರೇ ಸರಿ.

ಅವರ ಪರವಾಗಿ ಶಾಸ್ತ್ರಾಧಾರವೂ ಇಲ್ಲದಿಲ್ಲ. 1927ರಷ್ಟು ಹಿಂದೆಯೇ ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ, ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಹೆಚ್ಚು ಉಳಿಯುವುದೆಂದು ತನ್ನ ಪ್ರಯೋಗಗಳಿಂದ ನಿರೂಪಿಸಿದಳು. 2011ರಲ್ಲಿ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು, ಹಾಗೆ ಕಾಡುವ ಅಪೂರ್ಣ ಕಾರ್ಯಕ್ಕೆ ಒಂದು ನಿರ್ದಿಷ್ಟವಾದ ಯೋಜನೆಯನ್ನು ಮಾಡಿದ ಮಾತ್ರಕ್ಕೆ ಅದರ ಕಾಟ ಇಳಿಯುವುದೆಂದು ತೋರಿಸಿದರು. ಪಟ್ಟಿಯ ಪಕ್ಷಪಾತಿಗಳು ಈ ಎರಡನ್ನೂ ಸಂತೋಷದಿಂದ ಉದಾಹರಿಸುತ್ತಾರೆ; ಬರೆದರೆ ಮನಸ್ಸು ಹಗುರವಾಗುವುದೆಂಬ ಅವರ ಮಾತು ಸುಳ್ಳಲ್ಲ, ಅದನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ.

ಒಪ್ಪಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದುಂಟು: ಮನಸ್ಸು ಹಗುರವಾದ ಆ ಗಳಿಗೆಯಲ್ಲಿ ಕಾರ್ಯವು ಎಲ್ಲಿದೆ? ಅದು ಇದ್ದಲ್ಲಿಯೇ ಇದೆ. ಯೋಜನೆ ಮಾಡಿದೊಡನೆಯೇ ಕಾಟ ಇಳಿಯುತ್ತದೆ ಎಂದರೆ, ಮಾಡುವುದಕ್ಕೆ ಮೊದಲೇ ಮಾಡಿದವನ ನೆಮ್ಮದಿ ಬಂದುಬಿಡುತ್ತದೆ ಎಂದಂತಾಯಿತು. ಪಟ್ಟಿಯ ಸಮರ್ಥಕರು ಗುಣವೆಂದು ಎತ್ತಿ ತೋರಿಸುವುದೇ ಅದರ ಮೂಲದೋಷವಾಗಿದೆ. ಒಳಗಿನಿಂದ ಚುಚ್ಚುತ್ತಿದ್ದ ಅಪೂರ್ಣತೆಯನ್ನು ಶಮನಗೊಳಿಸಿದ ಮೇಲೆ ಹೊರಗಿನಿಂದ ಒತ್ತುವ ಬೇರೊಂದು ಶಕ್ತಿ ಬೇಕು. ಇಲ್ಲವಾದರೆ ಬರೆದುದು ಬರೆದಂತೆಯೇ ಉಳಿಯುತ್ತದೆ. ಆ ಹೊರಗಿನ ಶಕ್ತಿ ಯಾವುದು? ತನ್ನ ಪಟ್ಟಿಗೆ ತಾನೊಬ್ಬನೇ ಲೇಖಕನೂ ಓದುಗನೂ ಪರೀಕ್ಷಕನೂ ಆಗಿರುವವನಿಗೆ ಅದು ಎಲ್ಲಿಂದ ಬರಬೇಕು?

ಕಾಲದ ವಿಷಯವನ್ನು ಮೊದಲು ನೋಡೋಣ. ಬೆಳ್ತಂಗಡಿಯ ಅಡಿಕೆ ಕೃಷಿಕನ ವರ್ಷದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸವೊಂದಿದೆ. ಮಳೆಗಾಲದ ತೇವದಲ್ಲಿ ಫೈಟಾಫ್ತೊರವೆಂಬ ಸೂಕ್ಷ್ಮಜೀವಿ ಗೊನೆಯಿಂದ ಗೊನೆಗೆ ಹಬ್ಬಿ ಎಳೆಯ ಕಾಯಿಗಳನ್ನು ಕೊಳೆಯಿಸಿ ಉದುರಿಸುತ್ತದೆ. ಅದನ್ನು ತಡೆಯುವುದಕ್ಕೆ 1 ಕಿಲೋ ಮೈಲುತುತ್ತನ್ನೂ 1 ಕಿಲೋ ಸುಣ್ಣವನ್ನೂ ಬೇರೆಬೇರೆಯಾಗಿ ನೀರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿದು, ಒಟ್ಟು 100 ಲೀಟರು ಬೋರ್ಡೋ ದ್ರಾವಣವನ್ನು ಸಿದ್ಧಪಡಿಸಬೇಕು. ಹೊಳೆಯುವ ಚೂರಿಯೊಂದನ್ನು ಅದರಲ್ಲಿ ಅದ್ದಿ, ಅಲಗಿನ ಮೇಲೆ ಕೆಂಪು ಬಣ್ಣ ಕಂಡರೆ ಇನ್ನಷ್ಟು ಸುಣ್ಣವನ್ನು ಬೆರೆಸಬೇಕು. ಮಾಡಿದ ದಿನವೇ ಅದನ್ನು ಮುಗಿಸಬೇಕು. ಮೊದಲ ಮದ್ದು ಮಳೆ ಹಿಡಿಯುವುದಕ್ಕೆ ಮುಂಚೆ ಗೊನೆಗಳ ಮೇಲೆ ಬಿದ್ದಿರಬೇಕು. ಎರಡನೆಯದು 40-45 ದಿನಗಳ ತರುವಾಯ, ಮಳೆ ಹೊಳವಾದ ಹೊತ್ತನ್ನು ಕಾದು ಹಿಡಿದು ಬಿಡಬೇಕು. ಮರವೇರಬಲ್ಲ ಮದ್ದಿನವನು ಆ ದಿನಗಳಲ್ಲಿ ಇಡೀ ಊರಿಗೆ ಬೇಕಾದವನು. ನೆರೆಮನೆಯವರೊಡನೆ ಮಾತಾಡಿ ಅವನ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಈಗ ಇದೇ ಕೆಲಸವನ್ನು ಪಟ್ಟಿಗೆ ಇಳಿಸಿ ನೋಡಿರಿ. ಕರೆಂಟು ಬಿಲ್ಲು ಕಟ್ಟುವುದು, ಮದ್ದು ಬಿಡುವುದು, ಸೊಸೈಟಿಗೆ ಹೋಗಿಬರುವುದು, ಹೀಗೆ ಮೂರು ಸಾಲುಗಳು. ಮೂರಕ್ಕೂ ಒಂದೇ ಅಳತೆಯ ಅಕ್ಷರ, ಒಂದೇ ಅಳತೆಯ ಚೌಕ. ಮಳೆಯೂ ಮದ್ದಿನವನೂ ನೆರೆಯವರೂ ಆ ಸಾಲಿನಿಂದ ಹೊರಬಿದ್ದುಹೋದರು. ತಾರೀಕು ಹಾಕಬಹುದಲ್ಲವೇ, ಕೆಂಪು ಬಣ್ಣ ಬಳಿದು ಪ್ರಾಮುಖ್ಯವನ್ನು ಸೂಚಿಸಬಹುದಲ್ಲವೇ ಎಂದು ಕೇಳುವವರುಂಟು. ಹಾಕಬಹುದು, ಆದರೆ ಆ ತಾರೀಕನ್ನು ಹಾಕಿದವನೇ ಮಾರನೆಯ ದಿನಕ್ಕೆ ತಳ್ಳಬಲ್ಲನು, ಹಾಗೆ ತಳ್ಳಿದುದಕ್ಕೆ ಆ್ಯಪ್ ಯಾವ ಆಕ್ಷೇಪವನ್ನೂ ಎತ್ತದು. ತೋಟದಲ್ಲಿ ತಳ್ಳುವುದಕ್ಕೆ ಆಸ್ಪದವಿಲ್ಲ. ಹೊಳವು ತಪ್ಪಿದರೆ ಗೊನೆ ಹೋಯಿತು, ಗೊನೆ ಹೋದರೆ ಆ ವರ್ಷದ ಗಳಿಕೆಯಲ್ಲಿ ಅಷ್ಟು ಹೋಯಿತು. ಈ ನಿಷ್ಠುರತೆಯೇ ಕೃಷಿಕನಿಂದ ಕೆಲಸ ಮಾಡಿಸುತ್ತದೆ; ಪಟ್ಟಿಯು ಮಾಡುವ ಮೊದಲ ಅಪಕಾರವೆಂದರೆ, ಮೂಲತಃ ಸಮವಲ್ಲದ ಕಾರ್ಯಗಳನ್ನು ಸಮವಾದ ಸಾಲುಗಳನ್ನಾಗಿ ಮಾಡಿ ಈ ನಿಷ್ಠುರತೆಯನ್ನು ಅಳಿಸಿಬಿಡುವುದು.

ಎರಡನೆಯ ಅಪಕಾರ ಇದಕ್ಕಿಂತ ದೊಡ್ಡದು. ಅದು ಸಾಕ್ಷಿಯ ಲೋಪ. ನಮ್ಮ ನಾಡಿನಲ್ಲಿ ಬಹುಕಾಲ ಮುಂಚಿತವಾಗಿ ಗೊತ್ತುಪಡಿಸಿದ ಕಾರ್ಯಗಳಿಗೆ ಕೊರತೆಯಿಲ್ಲ. ಕಟೀಲು ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ಹೆಸರು ಬರೆಯಿಸಿದವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ; ಆ ವರ್ಷಗಳಲ್ಲಿ ಮನೆಯಲ್ಲಿ ಮದುವೆಯಾಗಿರಬಹುದು, ಸಾವು ಆಗಿರಬಹುದು, ಮಕ್ಕಳು ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೋಗಿರಬಹುದು; ಆದರೂ ಸರದಿ ಬಂದ ರಾತ್ರಿ ಗದ್ದೆಯಲ್ಲಿ ರಂಗಸ್ಥಳ ಸಿದ್ಧವಾಗಿರುತ್ತದೆ, ಊರಿಗೆ ಊಟ ಸಿದ್ಧವಾಗಿರುತ್ತದೆ. ಮೇಳಗಳಿಗೂ ತಮ್ಮ ಕಟ್ಟಳೆಯುಂಟು: ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಸುಮಾರಾಗಿ ಮೇ 24ರ ಪತ್ತನಾಜೆಯಂದು, ಗೆಜ್ಜೆ ಬಿಚ್ಚಿ ತಿರುಗಾಟವನ್ನು ಮುಗಿಸಲೇಬೇಕು. ಹರಕೆ ಹೊತ್ತವನಿಗೆ ಅದನ್ನು ಜ್ಞಾಪಿಸಲು ಗಂಟೆ ಬಾರಿಸುವ ಯಂತ್ರ ಬೇಡ. ಅವನು ದೇವರ ಮುಂದೆ ನುಡಿದಿದ್ದಾನೆ, ಮನೆಯವರು ಕೇಳಿದ್ದಾರೆ, ಊರು ಅರಿತಿದೆ. ನಂಬಿಕೆಯಿಲ್ಲದವರು ದೇವರ ಮಾತನ್ನು ಬದಿಗಿಟ್ಟರೂ ಉಳಿದ ಸಾಕ್ಷಿಗಳು ಸಾಕಷ್ಟು ಬಲವಾಗಿವೆ. ಮರೆವು ಇಲ್ಲಿ ಅಸಾಧ್ಯವಾಗಿರುವುದು ಸ್ಮರಣಶಕ್ತಿಯ ಮಹಿಮೆಯಿಂದಲ್ಲ. ಕಾರ್ಯವು ಹಲವರ ನಡುವೆ ನಿಂತಿರುವುದರಿಂದ.

ಪದ್ಧತಿವಾದಿಗಳು ತಮ್ಮ ಹೆಮ್ಮೆಯ ನಿದರ್ಶನಗಳೆಂದು ಹೇಳುವ ಎರಡನ್ನು ಪರೀಕ್ಷಿಸಿದರೂ ಇದೇ ತತ್ತ್ವ ಹೊರಬೀಳುತ್ತದೆ. ಕೆಲಸಗಳನ್ನು ಚೀಟಿಗಳಲ್ಲಿ ಬರೆದು ಒಂದು ಕಂಬಸಾಲಿನಿಂದ ಇನ್ನೊಂದಕ್ಕೆ ಸರಿಸುವ ಕಾನ್‌ಬಾನ್ ಕ್ರಮದ ಮೂಲರೂಪ ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಎಂಬವರ ನೇತೃತ್ವದಲ್ಲಿ ರೂಪುಗೊಂಡಿತು. ಅಲ್ಲಿ ಚೀಟಿಯ ಅರ್ಥವೇನು? ಮುಂದಿನ ಹಂತದ ಕೆಲಸಗಾರನಿಗೆ ಇಂಥ ಬಿಡಿಭಾಗ ಇಷ್ಟು ಬೇಕಾಗಿದೆ ಎಂಬ ಬೇಡಿಕೆ. ಬೇಡುವವನೊಬ್ಬ, ಒದಗಿಸುವವನೊಬ್ಬ, ಬೇಡಿಕೆಯಿಲ್ಲದೆ ಏನನ್ನೂ ತಯಾರಿಸಕೂಡದೆಂಬುದೇ ಆ ಕ್ರಮದ ಜೀವಾಳ. ಅದನ್ನು ಒಂಟಿ ಮನುಷ್ಯನ ಮೊಬೈಲಿಗೆ ತಂದಾಗ ಚೀಟಿ ಬರೆಯುವವನೂ ಅವನೇ, ಸರಿಸುವವನೂ ಅವನೇ; ಬೇಡಿಕೆ ಮಾಯವಾಗಿ ಚೀಟಿಯೊಂದೇ ಉಳಿಯಿತು. ಇನ್ನೊಂದು ನಿದರ್ಶನ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಆ ಪಟ್ಟಿಯಲ್ಲಿ 19 ಅಂಶಗಳಿವೆ. ಅರಿವಳಿಕೆ ಕೊಡುವ ಮೊದಲು, ಚರ್ಮವನ್ನು ಕೊಯ್ಯುವ ಮೊದಲು, ರೋಗಿಯನ್ನು ಕೋಣೆಯಿಂದ ಹೊರಗೆ ಒಯ್ಯುವ ಮೊದಲು, ಹೀಗೆ ಮೂರು ಘಟ್ಟಗಳಲ್ಲಿ ವೈದ್ಯರೂ ದಾದಿಯರೂ ಅದನ್ನು ಬಾಯಿಬಿಟ್ಟು ಹೇಳಿ ಒಬ್ಬರಿಗೊಬ್ಬರು ದೃಢಪಡಿಸಬೇಕು. ಆ ಪಟ್ಟಿ ಜೀವ ಉಳಿಸುತ್ತದೆಂಬುದನ್ನು ನಾನು ಆದರದಿಂದ ಒಪ್ಪುತ್ತೇನೆ. ಆದರೆ ಒಬ್ಬನು ಮನಸ್ಸಿನಲ್ಲಿಯೇ ಓದಿಕೊಂಡು ಗುರುತು ಹಾಕುವ ಪಟ್ಟಿ ಅದಲ್ಲ. ಎಲ್ಲರೆದುರಿಗೆ ನುಡಿಯುವ ಪಟ್ಟಿ. ಅದರ ಬಲವು ಕಾಗದದಿಂದ ಬಂದುದಲ್ಲವಾದುದರಿಂದ, ಅದರ ಯಶಸ್ಸನ್ನು ಒಂಟಿ ಪಟ್ಟಿಗೆ ಸಾಲವಾಗಿ ಕೊಡಲು ಬರುವುದಿಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಮುಂದೆ ಪ್ರಗತಿಬಂಧು ಎಂಬ ಹೆಸರಿನಿಂದ ಸಣ್ಣ ಹಿಡುವಳಿದಾರರ ಚಿಕ್ಕ ಚಿಕ್ಕ ತಂಡಗಳನ್ನು ಕಟ್ಟಿತು. ತಂಡದ ಸದಸ್ಯರು ವಾರದಲ್ಲಿ ಒಂದು ದಿನ ಸರದಿಯ ಮೇಲೆ ಒಬ್ಬನ ಜಮೀನಿನಲ್ಲಿ ಎಲ್ಲರೂ ಕೂಡಿ ದುಡಿಯುವರು. ಈ ವಾರ ನನ್ನ ಗುಡ್ಡದಲ್ಲಿ ಗುಂಡಿ ತೋಡಿದರೆ ಬರುವ ವಾರ ನಿನ್ನ ಕಣಿಯನ್ನು ಬಿಡಿಸುವುದು. ಇದರಲ್ಲಿ ಬರವಣಿಗೆಯಿಲ್ಲದಿಲ್ಲ, ಜಮೀನಿನಲ್ಲಿ ಏನೇನು ಆಗಬೇಕೆಂಬ ಯೋಜನೆಯನ್ನು ಬರೆದೇ ತೊಡಗುವರು. ಆದರೆ ಬರೆದ ಯೋಜನೆ ನೆಲಕ್ಕೆ ಇಳಿಯುವುದು, ಗೊತ್ತಾದ ದಿನ ಬೆಳಗ್ಗೆ ಹಾರೆ ಪಿಕ್ಕಾಸು ಹಿಡಿದ ನಾಲ್ಕಾರು ಮಂದಿ ಅಂಗಳಕ್ಕೆ ಬಂದು ನಿಲ್ಲುವುದರಿಂದ. ಅವರು ಬಂದು ನಿಂತ ಮೇಲೆ, ಇಂದು ಮನಸ್ಸಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಕೂಲಿ ಕೊಟ್ಟು ಮಾಡಿಸಲು ಶಕ್ತಿಯಿಲ್ಲದೆ, ಒಬ್ಬಂಟಿಯಾಗಿ ಮಾಡಲು ಉತ್ಸಾಹ ಸಾಲದೆ ವರ್ಷಾನುಗಟ್ಟಲೆ ಬಿದ್ದಿರಬಹುದಾದ ಕೆಲಸಗಳು ಈ ಒಂದು ಏರ್ಪಾಟಿನಿಂದ ಮುಗಿಯಬಲ್ಲವು ಎಂಬುದನ್ನು ಕಂಡ ಮೇಲೂ, ಕಾರ್ಯಸಿದ್ಧಿಗೆ ಒಂಟಿಯಾಗಿ ಕುಳಿತು ಆ್ಯಪ್ ಬದಲಾಯಿಸುವುದೇ ದಾರಿಯೆಂದು ನಂಬುವುದು ಕಣ್ಣೆದುರಿನ ಪ್ರಮಾಣವನ್ನು ತಿರಸ್ಕರಿಸಿದಂತೆಯೇ ಸರಿ.

ಹಾಗಿದ್ದರೆ ಹೊಸ ಪದ್ಧತಿಯನ್ನು ಹಿಡಿದ ಮೊದಲ ದಿನಗಳಲ್ಲಿ ಕೆಲಸ ಚುರುಕಾಗಿ ಸಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಸಾಗುವುದು ನಿಜ, ಆದರೆ ಅದು ಪದ್ಧತಿಯ ಗುಣವಲ್ಲ, ಹೊಸತನದ ಗುಣ. ಹಳೆಯ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಕೆಂಪಾಗಿ ನಿಂತು ನಮ್ಮನ್ನು ನೋಡುತ್ತಿದ್ದ ಬಾಕಿಗಳು ಹೊಸ ಪಟ್ಟಿಯ ಬಿಳಿಯ ಪುಟದಲ್ಲಿ ಕಾಣವು. ಬಂಟ್ವಾಳ ಪೇಟೆಯ ಹಳೆಯ ಅಂಗಡಿಕಾರರೂ ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಲೆಕ್ಕದ ಪುಸ್ತಕವನ್ನು ತೆರೆಯುತ್ತಿದ್ದರು. ಆದರೆ ಅವರು ಹಳೆಯ ಪುಸ್ತಕದ ಬಾಕಿಯನ್ನೆಲ್ಲ ಹೆಸರು ಹೆಸರಾಗಿ ಹೊಸದಕ್ಕೆ ಎಳೆದು ತರುತ್ತಿದ್ದರು, ಏಕೆಂದರೆ ಆ ಬಾಕಿಯ ಮತ್ತೊಂದು ತುದಿಯಲ್ಲಿ ಜೀವಂತ ಮನುಷ್ಯನೊಬ್ಬನಿದ್ದನು. ಪದ್ಧತಿಯನ್ನು ಬದಲಾಯಿಸುವವನು ಮಾಡುವುದು ಇದಕ್ಕೆ ವಿರುದ್ಧವಾದುದನ್ನು. ಪುಸ್ತಕವನ್ನು ಬದಲಾಯಿಸಿ ಬಾಕಿಯನ್ನು ಹಿಂದೆ ಬಿಡುತ್ತಾನೆ, ಹಾಗೆ ಬಿಟ್ಟುದರಿಂದ ಬಂದ ಹಗುರವನ್ನು ಪ್ರಗತಿಯೆಂದು ತಿಳಿಯುತ್ತಾನೆ. ಕೆಲವು ವಾರಗಳಲ್ಲಿ ಹೊಸ ಪುಟವೂ ತುಂಬುತ್ತದೆ. ಆಗ ಮತ್ತೊಂದು ಪದ್ಧತಿಯ ಹುಡುಕಾಟ ಮೊದಲಾಗುತ್ತದೆ. ಈ ಸುತ್ತಾಟದಲ್ಲಿ ಕಳೆಯುವ ಹೊತ್ತು, ಬಣ್ಣಗಳನ್ನು ಆರಿಸುವ, ಶೀರ್ಷಿಕೆಗಳನ್ನು ಜೋಡಿಸುವ, ಒಂದರಿಂದ ಇನ್ನೊಂದಕ್ಕೆ ಸಾಲುಗಳನ್ನು ಸಾಗಿಸುವ ಹೊತ್ತು, ಆ ಕಾರ್ಯಗಳಿಗೇ ಸಲ್ಲಬೇಕಾಗಿದ್ದ ಹೊತ್ತು.

ಅಲೆನ್ನನ ವಿಧಾನದಲ್ಲಿ ಎಂದಾದರೊಂದು ದಿನ ಮಾಡಬಹುದಾದವುಗಳ ಪಟ್ಟಿಯೊಂದು ಬೇರೆಯಾಗಿಯೇ ಇದೆ. ತನ್ನ ಸ್ವಂತ ಆಸೆಗಳನ್ನು ಅಲ್ಲಿ ಇಡುವುದರಿಂದ ಯಾರಿಗೂ ಕೇಡಿಲ್ಲ. ಆದರೆ ಅಭ್ಯಾಸದಲ್ಲಿ ಅಲ್ಲಿಗೆ ಹೋಗುವುದು ಬೇರೊಬ್ಬರು ಕೇಳಿದ ಕೆಲಸ, ನಮ್ಮಿಂದ ಆಗದೆಂದು ನಮಗೆ ತಿಳಿದಿದ್ದರೂ ಹೇಳಲು ಸಂಕೋಚಪಟ್ಟ ಕೆಲಸ. ಸಂಘದ ಸ್ಮರಣಸಂಚಿಕೆಗೆ ಲೇಖನ ಕೇಳಿದವರಿಗೆ, ಅರ್ಜಿ ಬರೆದುಕೊಡಿ ಎಂದು ಬಂದ ನೆರೆಯವರಿಗೆ, ಆಗದು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವುದು ಕಷ್ಟ. ಪಟ್ಟಿಗೆ ಸೇರಿಸುವುದು ಸುಲಭ. ಸೇರಿಸಿದವನ ಮನಸ್ಸು ಹಗುರವಾಯಿತು, ಕೇಳಿದವರು ಕಾಯುತ್ತಲೇ ಉಳಿದರು. ನಿರಾಕರಣೆಯೆಂಬ ಪ್ರಾಮಾಣಿಕ ಕರ್ಮವನ್ನು ಪದ್ಧತಿಯು ಈ ಪರಿಯಾಗಿ ನುಂಗಿಹಾಕುತ್ತದೆ.

ಇನ್ನು ಆಕ್ಷೇಪಗಳನ್ನು ಎದುರಿಸೋಣ. ಕೃಷಿಗೆ ಋತುವುಂಟು, ಹರಕೆಗೆ ಊರುಂಟು. ಕಚೇರಿಯ ಕೆಲಸಕ್ಕೆ ಋತುವೂ ಇಲ್ಲ ಊರೂ ಇಲ್ಲ, ಆದುದರಿಂದ ಅಲ್ಲಿ ಪಟ್ಟಿಯೇ ಗತಿ ಎಂಬುದು ಮೊದಲ ಆಕ್ಷೇಪ. ಇದು ಮೇಲುನೋಟದ ಮಾತು. ಬ್ಯಾಂಕಿನ ಗುಮಾಸ್ತನ ಮೇಜಿನ ಮೇಲಿರುವ ಪ್ರತಿಯೊಂದು ಕಾಗದದ ಹಿಂದೆಯೂ ಸಾಲಕ್ಕಾಗಿ ಕಾದಿರುವ ಒಬ್ಬ ಮನುಷ್ಯನಿದ್ದಾನೆ, ಅವನ ಮಗಳ ಮದುವೆಗೋ ಮಗನ ಕಾಲೇಜಿಗೋ ಒಂದು ದಿನ ಗೊತ್ತಾಗಿದೆ. ಅಧ್ಯಾಪಕನು ತಿದ್ದಬೇಕಾದ ಪ್ರತಿಯೊಂದು ಉತ್ತರಪತ್ರಿಕೆಯ ಹಿಂದೆಯೂ ಒಬ್ಬ ವಿದ್ಯಾರ್ಥಿಯಿದ್ದಾನೆ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಣ ಇಲಾಖೆಯ ನೌಕರಿಯ ನಡುವೆಯೇ ಮಕ್ಕಳಿಗಾಗಿ ಕತೆಗಳನ್ನೂ ಪದ್ಯಗಳನ್ನೂ ಬರೆದರು. ತಪಾಸಣೆಗೆ ಹೋದ ಶಾಲೆಗಳಲ್ಲಿ ಆ ಮಕ್ಕಳು ಅವರ ಕಣ್ಣೆದುರಿಗೇ ಕುಳಿತಿದ್ದರು. ಕಚೇರಿಯ ಕೆಲಸಕ್ಕೆ ಕಾಲವೂ ಸಾಕ್ಷಿಯೂ ಇಲ್ಲವೆಂದು ನಮಗೆ ತೋರುವುದು, ಕಾಗದವು ಮನುಷ್ಯನನ್ನು ಮರೆಮಾಡಿರುವುದರಿಂದ. ಆ ಮರೆಯನ್ನು ಸರಿಸಬೇಕಾದಲ್ಲಿ ಇನ್ನೊಂದು ಪರದೆಯನ್ನು ಎಳೆಯುವುದು ಚಿಕಿತ್ಸೆಯಾಗಲಾರದು.

ಎರಡನೆಯ ಆಕ್ಷೇಪ ಗಂಭೀರವಾದುದು. ನೀವು ಹೊಗಳುವ ಋತುಕ್ರಮದ ಬಾಳು ಯಾರ ಬೆನ್ನಿನ ಮೇಲೆ ನಿಂತಿತ್ತು? ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಕೆಲಸ ಹೊತ್ತಿಗೆ ಸರಿಯಾಗಿ ನಡೆದುದು ಒಕ್ಕಲಿನ ದುಡಿಮೆಯಿಂದ. ಅವನ ದಿನಗಳು ಅವನವಾಗಿರಲಿಲ್ಲ, ಧನಿಯ ಕರೆಗೆ ಕಟ್ಟುಬಿದ್ದಿದ್ದವು. ಕಟ್ಟುಬೀಳುವುದನ್ನೇ ಗುಣವೆಂದು ಹೇಳುವುದು ಆ ದಾಸ್ಯವನ್ನು ಹೊಗಳಿದಂತಾಗದೇ? ಈ ಪ್ರಶ್ನೆಗೆ ತಲೆಬಾಗದವನು ನಮ್ಮ ನಾಡಿನ ಚರಿತ್ರೆಯನ್ನು ಅರಿಯದವನು. ಕಟ್ಟುಗಳಲ್ಲಿ ನ್ಯಾಯವಾದವುಗಳೂ ಇವೆ, ಅನ್ಯಾಯವಾದವುಗಳೂ ಇವೆ. ಆದರೆ ಅನ್ಯಾಯದ ಕಟ್ಟು ಇಲ್ಲಿ ಹೇಗೆ ಬಿಚ್ಚಿತು ಎಂಬುದನ್ನು ನೆನೆಯಿರಿ. 1974ರಲ್ಲಿ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯ ತರುವಾಯ ಗೇಣಿದಾರರು ನಮೂನೆ 7ರ ಅರ್ಜಿಯನ್ನು ಬರೆದು, ಡಿಕ್ಲರೇಶನ್ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ಧನಿಯ ಎದುರಿಗೇ ನಿಂತು ತಮ್ಮ ಹಕ್ಕನ್ನು ಹೇಳಿದರು. ಆಮೇಲೆ ಗದ್ದೆಯೊಡನೆ ಅವರ ದಿನಗಳೂ ಅವರವಾದವು. ಯಾರಿಗಾಗಿ ದುಡಿಯುತ್ತಿದ್ದೇವೆಂಬುದು ಸ್ಪಷ್ಟವಾಗಿದ್ದುದರಿಂದಲೇ, ಅವರಿಗೆ ಏಕೆ ದುಡಿಯಬೇಕೆಂದು ಕೇಳಲು ಸಾಧ್ಯವಾಯಿತು. ಇಂದಿನ ವೈಯಕ್ತಿಕ ಪದ್ಧತಿಯು ಮೇಲಧಿಕಾರಿಯ ಆಜ್ಞೆಯನ್ನು ನನ್ನ ಕೆಲಸ ಎಂಬ ಶೀರ್ಷಿಕೆಯ ಕೆಳಗೆ ನನ್ನ ಕೈಯಿಂದಲೇ ಬರೆಯಿಸುತ್ತದೆ. ಆಜ್ಞಾಪಿಸಿದವನು ಕಾಣೆಯಾಗುತ್ತಾನೆ, ಅವನೊಡನೆ ಪ್ರಶ್ನಿಸುವ ಅವಕಾಶವೂ ಕಾಣೆಯಾಗುತ್ತದೆ.

ಮೂರನೆಯ ಆಕ್ಷೇಪವೂ ಇದರೊಡನೆಯೇ ಪರಿಹಾರವಾಗುತ್ತದೆ. ಅತಿಯಾದ ಕೆಲಸದ ಭಾರದಲ್ಲಿ ಬಳಲುವವರಿಗೆ ಪಟ್ಟಿಯೇ ಊರುಗೋಲು, ಅದನ್ನು ಕಸಿಯಬೇಡಿ ಎನ್ನುತ್ತಾರೆ. ಭಾರವು ಅತಿಯಾಗಿದ್ದರೆ ಅದನ್ನು ಇಳಿಸಬೇಕು. ಹೊರುವವನಿಗೆ ಹೊರುವ ಭಂಗಿಯನ್ನು ಕಲಿಸುವುದು ಕರುಣೆಯಾಗದು. ಬಂಟ್ವಾಳ ಬೆಳ್ತಂಗಡಿ ಮೂಡುಬಿದಿರೆಗಳ ಎಷ್ಟೋ ಮನೆಗಳಲ್ಲಿ ಹೆಂಗಸರು ಅಡುಗೆ, ಹಟ್ಟಿ, ಮಕ್ಕಳು ಎಂಬ ಮೂರು ದುಡಿಮೆಗಳ ನಡುವೆ ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆಯನ್ನೂ ಹೊಗೆಸೊಪ್ಪನ್ನೂ ನೂಲನ್ನೂ ತಂದು ಬೀಡಿ ಕಟ್ಟಿದ್ದಾರೆ. ಸಾವಿರ ಬೀಡಿಗೆ ಇಷ್ಟೆಂಬ ಮಜೂರಿಯ ಲೆಕ್ಕದಲ್ಲಿ ಅವರ ಹೊತ್ತು ಕಳೆದಿದೆ. ಹೊತ್ತನ್ನು ಬಳಸುವ ಕಲೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರಿಗೆ ಬೇಕಾದುದು ನ್ಯಾಯವಾದ ಮಜೂರಿ ಮತ್ತು ರಕ್ಷಣೆ; ಅದರಲ್ಲಿ ಎಷ್ಟು ದೊರೆತಿದೆಯೋ ಅಷ್ಟೂ ದೊರೆತುದು ಸಂಘಟನೆಯಿಂದ, 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯಂಥ ಕಾನೂನುಗಳಿಂದ. ಮೂರು ಜನರ ಕೆಲಸವನ್ನು ಒಬ್ಬ ಅಧ್ಯಾಪಕಿಯ ಮೇಲೆ ಹೊರಿಸಿ, ಸಮಯಪಾಲನೆಯ ಕುರಿತು ಆಕೆಗೆ ಒಂದು ದಿನದ ತರಬೇತಿ ಕೊಡುವ ಸಂಸ್ಥೆ, ತನ್ನ ದೋಷವನ್ನು ಆಕೆಯ ದೋಷವನ್ನಾಗಿ ಮಾಡುತ್ತಿದೆ. ಪದ್ಧತಿಯ ಅಭಾವವೇ ಕಾರಣ ಎಂಬ ಮತವು ಇಂಥ ಸಂಸ್ಥೆಗಳಿಗೆ ಪ್ರಿಯವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಅಪಾಯಕರವೆಂದು ನಾನು ಮೊದಲಲ್ಲಿ ಹೇಳಿದುದು ಈ ಕಾರಣದಿಂದ.

ಕೊನೆಯ ಆಕ್ಷೇಪ ವಿದ್ವಾಂಸರದು: ದಿನವೂ ಯಾರೂ ಬಂದು ಕೇಳದ, ವರ್ಷಗಳ ಕಾಲ ಏಕಾಂತದಲ್ಲಿ ಸಾಗಬೇಕಾದ ಗ್ರಂಥಕಾರ್ಯಕ್ಕೆ ಸ್ವಯಂರಚಿತ ಪದ್ಧತಿಯ ಹೊರತು ಏನು ಆಧಾರ? ಇದಕ್ಕೆ ಮೂಡುಬಿದಿರೆಯೇ ಉತ್ತರ ಕೊಡುತ್ತದೆ. ಅಲ್ಲಿಯ ಗುರುಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ಜೈನ ಸಿದ್ಧಾಂತಗ್ರಂಥಗಳ ತಾಳೆಯೋಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಇವುಗಳ ಪ್ರತಿಲಿಪಿಯ ಕಾರ್ಯ 1896ರ ಸುಮಾರಿಗೆ ತೊಡಗಿ 1922ರ ವರೆಗೆ ನಡೆಯಿತು. ಇಪ್ಪತ್ತಾರು ವರ್ಷಗಳ ಆ ದುಡಿಮೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತ ಸಾಗಿತು. ಮುದ್ರಿತ ಧವಲದ ಮೊದಲ ಸಂಪುಟ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಹೊರಬಂದುದು 1939ರಲ್ಲಿ. ಒಬ್ಬನ ಆಯುಷ್ಯದ ಅಳತೆಗೆ ಮೀರಿದ ಇಂಥ ಕಾರ್ಯ ಒಬ್ಬನ ಪಟ್ಟಿಯಲ್ಲಿ ಎಲ್ಲಿ ಹಿಡಿಸೀತು? ಓಲೆಗಳು ನಶಿಸುತ್ತಿವೆ ಎಂಬ ಕಾಲದ ಒತ್ತಾಯ ಒಂದು ಕಡೆ, ಗ್ರಂಥವು ಮುಂದಿನವರಿಗೆ ಸಲ್ಲಬೇಕೆಂಬ ಋಣ ಇನ್ನೊಂದು ಕಡೆ. ಈ ಎರಡರ ನಡುವೆ ಲಿಪಿಕಾರರು ಓಲೆಯ ಬಳಿಕ ಓಲೆಯನ್ನು ಎತ್ತಿ ಬರೆದರು. ಏಕಾಂತದ ಕೆಲಸಕ್ಕೂ ಕಾಯುವವರುಂಟು. ಅವರು ಇನ್ನೂ ಹುಟ್ಟದವರಾಗಿರಬಹುದು, ಅಷ್ಟೆ.

ಆದುದರಿಂದ ಸಿದ್ಧಾಂತವನ್ನು ಹೀಗೆ ಹೇಳಬಹುದು. ಬರೆಯುವುದನ್ನು ನಾನು ನಿಷೇಧಿಸುವುದಿಲ್ಲ. ಮರೆವಿಗೆ ಒಂದು ತುಂಡು ಕಾಗದ ಸಾಕಾದ ಮದ್ದು. ನಿಷೇಧಿಸಬೇಕಾದುದು, ಬರೆಯುವ ಬಗೆಯನ್ನು ಬದಲಾಯಿಸಿದರೆ ಮಾಡುವ ಶಕ್ತಿ ಬರುವುದೆಂಬ ನಂಬಿಕೆಯನ್ನು. ಇರುವ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು, ಪ್ರತಿಯೊಂದು ಸಾಲಿನ ಪಕ್ಕದಲ್ಲಿ ಅದು ಯಾರಿಗೆ ಸಲ್ಲಬೇಕಾದುದೋ ಅವರ ಹೆಸರನ್ನೂ, ಯಾವಾಗ ತಪ್ಪಿದರೆ ಶಾಶ್ವತವಾಗಿ ತಪ್ಪುವುದೋ ಆ ದಿನವನ್ನೂ ಬರೆಯಿರಿ. ಹೆಸರೂ ಕಾಲವೂ ಎರಡೂ ಇಲ್ಲದ ಸಾಲನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿರಿ. ಹೆಸರಿದ್ದು ನಿಮ್ಮಿಂದ ಆಗದುದಾದರೆ ಆ ಮನುಷ್ಯನ ಬಳಿಗೆ ಹೋಗಿ ಆಗದೆಂದು ಹೇಳಿರಿ. ಅನ್ಯಾಯವಾಗಿ ಹೊರಿಸಿದುದಾದರೆ ಹೊರಿಸಿದವರನ್ನು ಕೇಳಿರಿ, ಒಬ್ಬರಿಂದ ಸಾಗದಿದ್ದರೆ ಜೊತೆಗೂಡಿ ಕೇಳಿರಿ. ಉಳಿದ ಕೆಲಸಕ್ಕೆ ಒಬ್ಬನಾದರೂ ಸಾಕ್ಷಿಯನ್ನು ಗೊತ್ತುಮಾಡಿಕೊಳ್ಳಿರಿ. ಇಂಥ ದಿನ ಬಂದು ನೋಡು ಎಂದು ಬಾಯಿಬಿಟ್ಟು ಕರೆದ ಕೆಲಸ ಅರ್ಧಕ್ಕೆ ನಿಲ್ಲುವುದು ವಿರಳ.

ಹೀಗೆ ಮಾಡಿದವನಿಗೆ ಹೊಸ ಪದ್ಧತಿಯ ಅವಶ್ಯಕತೆ ಬೀಳದು. ಮಾಡದವನಿಗೆ ಯಾವ ಪದ್ಧತಿಯೂ ನೆರವಾಗದು. ಮನುಷ್ಯನ ಕೆಲಸವೆಂಬುದು ಮನುಷ್ಯರ ನಡುವಣ ಋಣ. ಋಣವನ್ನು ಎಷ್ಟು ಬಗೆಯಾಗಿ ದಾಖಲಿಸಿದರೂ ತೀರಿಸುವ ದಾರಿ ಒಂದೇ. ನಾಳೆ ಹೊಸದೊಂದು ವ್ಯವಸ್ಥೆಯನ್ನು ಪರೀಕ್ಷಿಸಲು ಅಣಿಯಾಗಿರುವವರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಅದಕ್ಕೆಂದು ತೆಗೆದಿಟ್ಟ ಆ ಹೊತ್ತನ್ನು ಹಳೆಯ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಕಾದಿರುವವರಿಗೆ ಕೊಡಿ.